ಮನೋಹರ ಆರಿಸಿದ ಮರ

ಮನೋಹರನ ಬಾಯಲ್ಲಿ ಯಾವ ವಿಷಯವೂ ಒಂದು ಶಿಫ್ಟು ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ. ಹಾಗಂತ ಕೆಟ್ಟ ಮನುಷ್ಯನಲ್ಲ, ಚಾಡಿ ಹೇಳುವವನೂ ಅಲ್ಲ. ಖುಷಿಯಾದರೆ ನಾಲ್ಕು ಜನಕ್ಕೆ ಹೇಳಬೇಕು, ಬೇಜಾರಾದರೆ ಎಂಟು ಜನಕ್ಕೆ ಹೇಳಬೇಕು, ಅಷ್ಟೇ ಅವನ ರೋಗ. ಬಿಡದಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಸೂಪರ್‌ವೈಸರ್. ಮನೆ ರಾಮನಗರದ ಹೊಸ ಬಡಾವಣೆಯಲ್ಲಿ. ಮಗಳು ರಮ್ಯಾ ಕ್ಲಾಸಿಗೇ ಮೊದಲು ಬಂದಾಗ ಕಂಪನಿ ಬಸ್ಸಿನ ತುಂಬ ಮೈಸೂರುಪಾಕು ಹಂಚಿದ್ದ. ಅವಳಿಗೆ ಕನ್ನಡಕ ಬಂದಾಗ ಪವರ್ ಎಷ್ಟು ಅನ್ನುವುದನ್ನೂ ಕ್ಯಾಂಟೀನಿನಲ್ಲಿ ಹೇಳಿದ್ದ. ಹೆಂಡತಿ ಪ್ರತಿಮಾಳ ಗ್ಯಾಸ್ಟ್ರಿಕ್ಕು, ಪಾಯ ತೆಗೆಯುವಾಗ ಅಡ್ಡ ಬಂದ ಬಂಡೆ, ಅತ್ತೆಮನೆಯ ಎಮ್ಮೆ ಈದದ್ದು, ಎಲ್ಲವೂ ಆ ಬಸ್ಸಿನ ಡ್ರೈವರಿಗೂ ಗೊತ್ತಿತ್ತು.

ಅಂಥವನ ತಲೆಗೆ ಪರ್ಗೋಲಾ ಹೊಕ್ಕಿತು. ಕಂಪನಿಯವರು ಒಂದು ದಿನ ಎಲ್ಲರನ್ನೂ ಸಾವನದುರ್ಗದ ಹತ್ತಿರದ ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದರು. ಉಳಿದವರು ಬೆಟ್ಟದ ಕಡೆ ಹೊರಟರೆ ಇವನು ಹುಲ್ಲಿನ ಮೇಲೆ ನಿಲ್ಲಿಸಿದ್ದ ಮರದ ಕಂಬಗಳ ಕೆಳಗೆ ಕೂತುಬಿಟ್ಟ. ನಾಲ್ಕು ಕಂಬ, ಮೇಲೆ ಸಾಲಾಗಿ ಮರದ ಪಟ್ಟಿಗಳು, ಅದಕ್ಕೆ ಹಬ್ಬಿಸಿದ ಹೂಬಳ್ಳಿ, ಕೆಳಗೊಂದು ಬೆಂಚು. ಮನೆಗೆ ಬಂದು ವರ್ಣಿಸಿದಾಗ ಪ್ರತಿಮಾ, ಚಪ್ಪರ ಅಂತ ಹೇಳಿ ಅಂದಳು. ಚಪ್ಪರ ಬೇರೆ, ಚಪ್ಪರಕ್ಕೆ ಮೇಲೆ ಗರಿ ಇರುತ್ತೆ, ಇದರಲ್ಲಿ ಪಟ್ಟಿಗಳ ಸಂದಿಯಲ್ಲಿ ಬಿಸಿಲು ಬೀಳುತ್ತೆ ಅಂತ ಅವನು ತಿದ್ದಿದ. ಬಿಸಿಲು ಬೀಳುವುದಾದರೆ ಹಾಕುವುದು ಯಾಕೆ ಅಂತ ಅವಳು ಕೇಳಿದ್ದಕ್ಕೆ ಮಾತು ಹಾರಿಸಿದ.

ಉತ್ತರ ಇರಲಿಲ್ಲ ಅಂತಲ್ಲ. ರಮ್ಯಾಳಿಗೋಸ್ಕರ ಅನ್ನುವುದು ಉತ್ತರ. ಶಿವರಾತ್ರಿಯಿಂದ ಈಚೆಗೆ ಆ ಹುಡುಗಿ ಬೇರೆ ಯಾರೋ ಆಗಿಬಿಟ್ಟಿದ್ದಳು. ಮೊದಲೆಲ್ಲ ಕಂಪನಿ ಬಸ್ಸು ಬರುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದು, ಅವನ ಕೈಯಿಂದ ಡಬ್ಬಿ ಕಿತ್ತುಕೊಂಡು, ಉಳಿದ ಚಿತ್ರಾನ್ನವನ್ನು ಅಲ್ಲೇ ನಿಂತು ತಿನ್ನುತ್ತಿದ್ದಳು. ಟಿವಿ ನೋಡುವಾಗ ಅವನ ತೋಳಿಗೆ ಒರಗದೆ ಕೂತವಳೇ ಅಲ್ಲ. ಈಗ ಬೇರೆ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಸ್ಕೂಟರಿನಲ್ಲಿ ಅವನ ಸೊಂಟ ಹಿಡಿಯುವ ಬದಲು ಹಿಂದಿನ ಕಂಬಿ ಹಿಡಿಯುತ್ತಾಳೆ. ಕೇಳಿದ್ದಕ್ಕಷ್ಟೇ ಉತ್ತರ. ತಾನು ಏನಾದರೂ ಬೈದೆನಾ ಅಂತ ಮನೋಹರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹಿತ್ತಲಿನಲ್ಲಿ ಅವಳಿಗೇ ಅಂತ ಒಂದು ಜಾಗ ಮಾಡಿದರೆ, ಅದನ್ನೂ ತಾನೇ ಕೈಯಾರೆ ಕಟ್ಟಿದರೆ, ಮೊದಲಿನ ಹಾಗೆ ಟೇಪು ಹಿಡಿಯಲು, ಸ್ಕ್ರೂ ಕೊಡಲು ಬರುತ್ತಾಳೆ ಅಂತ ಅವನ ಆಸೆ. ಊರಿಗೆಲ್ಲ ಎಲ್ಲ ಹೇಳುವವನು ಇದೊಂದನ್ನು ಮಾತ್ರ ಹೆಂಡತಿಗೂ ಹೇಳಲಿಲ್ಲ. ಮಗಳು ನನ್ನಿಂದ ದೂರ ಆಗಿದ್ದಾಳೆ ಅಂತ ಹೇಳಿಕೊಳ್ಳಲು ಅವನಿಗೂ ನಾಚಿಕೆ.

ಪರ್ಗೋಲಾದ ವಿಷಯ ಮಾತ್ರ ಬಸ್ಸಿಗೆಲ್ಲ ಗೊತ್ತಾಯಿತು. ಆಚಾರಿ ಬೇಡ, ಎಲ್ಲ ನಾನೇ, ಮರ ಆರಿಸುವುದೂ ನಾನೇ ಅಂತ ಸಾರಿದ. ಮರ ಆರಿಸುವುದು ಹೇಗೆ ಅಂತ ಬಿಡದಿ ಬರುವವರೆಗೂ ಭಾಷಣ. ಗೆಣ್ಣಿನಿಂದ ತಟ್ಟಿದರೆ ಒಳ್ಳೆಯ ಮರ ಹೇಗೆ ಸದ್ದು ಮಾಡುತ್ತದೆ, ಹಸಿ ಮರ ಹೇಗೆ ಸದ್ದು ಮಾಡುತ್ತದೆ ಅನ್ನುವುದನ್ನು ಮುಂದಿನ ಸೀಟನ್ನೇ ತಟ್ಟಿ ತೋರಿಸಿದ. ಪ್ರೆಸ್ ಶಾಪಿನ ಅಶೋಕ, ಮಾಗಡಿಯವನು, ನಾಲಿಗೆ ಚೂಪು. ಮುಗಿದ ಮೇಲೆ ಬಂದು ನೋಡ್ತೀನಿ, ಬಿದ್ದುಹೋಗುವುದರೊಳಗೆ ಕರಿ ಅಂದ. ಬಸ್ಸೆಲ್ಲ ನಕ್ಕಿತು. ಮನೋಹರನೂ ನಕ್ಕು, ಅವತ್ತು ಪ್ರತಿಮಾ ಮಾಡಿದ್ದ ಚಿಗಳಿ ಉಂಡೆಯ ಡಬ್ಬಿ ತೆಗೆದು ಎಲ್ಲರಿಗೂ ಹಂಚಿದ. ಎಳ್ಳು ಬೆಲ್ಲ ಕುಟ್ಟಿ ಮಾಡಿದ ಉಂಡೆ, ತುಪ್ಪದ ಘಮ. ಶಿವರಾತ್ರಿ ಕಳೆದ ಮೇಲಿಂದ ಮನೆಯಲ್ಲಿ ಪದೇ ಪದೇ ಅದೇ ಚಿಗಳಿ, ಕೊಬ್ಬರಿ, ಬೆಲ್ಲ. ಏನು ವಿಶೇಷ ಅಂತ ಅವನು ಕೇಳಲಿಲ್ಲ. ಸಿಕ್ಕಿದ್ದನ್ನು ತಿಂದ, ಮಿಕ್ಕಿದ್ದನ್ನು ಹಂಚಿದ.

ಆ ಭಾನುವಾರ ಮರ ನೋಡಲು ಚನ್ನಪಟ್ಟಣಕ್ಕೆ ಹೊರಟ. ರಮ್ಯಾಳೂ ಬರಬೇಕು ಅಂತ ಹಟ ಹಿಡಿದ. ಅವಳಿಗೆ ಮೈ ಸರಿಯಿಲ್ಲ, ಬಿಡಿ ಅಂತ ಪ್ರತಿಮಾ ಅಂದರೆ, ಗಾಳಿಗೆ ಬಂದರೆ ಸರಿಹೋಗುತ್ತೆ ಅಂದ. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ರಸ್ತೆಯ ಇಕ್ಕೆಲದ ಮರಗಳನ್ನು ಕಡಿದು ಉರುಳಿಸಿದ್ದರು, ಧೂಳಿಗೆ ಕಣ್ಣು ಬಿಡುವ ಹಾಗಿರಲಿಲ್ಲ. ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಇದ್ದ, ಅವಳು ಹಿಂದಿನ ಕಂಬಿ ಹಿಡಿದು ಸುಮ್ಮನೆ ಕೂತಿದ್ದಳು.

ರಸೂಲ್ ಸಾಹೇಬರ ಟಿಂಬರ್ ಡಿಪೋದಲ್ಲಿ ಮನೋಹರ ಒಂದೊಂದು ದಿಮ್ಮಿಯ ಹತ್ತಿರವೂ ನಿಂತ. ತೇಗ ಬಾಗಿಲಿಗೆ ಸರಿ, ಹಿತ್ತಲಿಗೆ ದಂಡ ಅಂದ. ನೀಲಗಿರಿಯನ್ನು ಕಣ್ಣಿಗೆ ಸಮ ಹಿಡಿದು ನೋಡಿ, ಒಣಗಿದ ಮೇಲೆ ತಿರುಚಿಕೊಳ್ಳುತ್ತೆ ಅಂತ ಇಳಿಸಿದ. ಸರ್ವೆ ನೆಟ್ಟಗಿತ್ತು, ಆದರೆ ಅದನ್ನು ನೋಡಿದರೆ ತಾರಸಿ ಹಾಕುವಾಗಿನ ಸೆಂಟ್ರಿಂಗ್ ನೆನಪಾಗುತ್ತೆ. ಕಾರ್ಖಾನೆಯಲ್ಲಿ ಮೆಷಿನ್ನುಗಳ ಜೊತೆ ಬರುವ ಪ್ಯಾಕಿಂಗ್ ಮರ ಬೇಕಾದಷ್ಟು ಸಿಗುತ್ತದೆ, ಬೆಂಚಿಗೆ ಆದೀತು, ಕಂಬಕ್ಕೆ ಇಟ್ಟರೆ ಗೆದ್ದಲಿಗೆ ಊಟ. ರಸೂಲ್ ಸಾಹೇಬರು ತಲೆ ಆಡಿಸುತ್ತ ಹಿಂದೆ ಬರುತ್ತಿದ್ದರು. ಇಷ್ಟನ್ನೂ ಅವನು ಹೇಳುತ್ತಿದ್ದದ್ದು ಮಗಳು ಕೇಳಲಿ ಅಂತ. ಅವಳೋ, ಹಲಗೆ ಜೋಡಿಸಿಟ್ಟ ಗೋಡೆಗೆ ಬೆನ್ನು ಆನಿಸಿ ನಿಂತವಳು ಅಲ್ಲಿಂದ ಕದಲಲೇ ಇಲ್ಲ.

ಕಾಲು ನೋಯುತ್ತೆ, ಆ ದಿಮ್ಮಿ ಮೇಲೆ ಕೂತ್ಕೋ ಅಂದ. ಬೇಡ ಅಂದಳು. ಹೊನ್ನೆ ಮರದ ಬಣ್ಣ ನೋಡು ಬಾ ಅಂದ. ಅಪ್ಪ, ಮನೆಗೆ ಹೋಗೋಣ ಅಂದಳು. ಈಗ ತಾನೇ ಬಂದಿದ್ದೀವಿ ಅಂತ ಅವನು ಇನ್ನೊಂದು ರಾಶಿಯ ಹತ್ತಿರ ಹೋದ. ಅವಳು ಮತ್ತೆ ಅದನ್ನೇ ಅಂದಾಗ ಮನೋಹರನಿಗೆ ರೇಗಿತು. ಎಷ್ಟೊಂದು ಆಸೆಯಿಂದ ಕರೆತಂದರೆ ಇವಳಿಗೆ ಅಪ್ಪನ ಜೊತೆ ಒಂದು ಗಳಿಗೆ ನಿಲ್ಲುವುದೂ ಭಾರವೇ ಅನ್ನಿಸಿತು.

"ಏನು ಬಂದಿದೆ ನಿಂಗೆ? ಒಂದು ಕಡೆ ಕೂತ್ಕೊಳಕ್ಕಾಗಲ್ವಾ?" ಅಂತ ಕೂಗಿದ. ಮರ ಇಳಿಸುತ್ತಿದ್ದ ಹಮಾಲಿಗಳೂ ತಿರುಗಿ ನೋಡಿದರು. ಕನ್ನಡಕದ ಹಿಂದೆ ರಮ್ಯಾಳ ಕಣ್ಣು ತುಂಬಿತು. ರಸೂಲ್ ಸಾಹೇಬರು ಬೇರೆ ಕಡೆ ನೋಡುತ್ತ, ಮನೆ ಇಲ್ಲೇ ಹಿಂದುಗಡೆ, ಪಾಪು ಒಳಗೆ ಹೋಗಿ ಒಂದು ಲೋಟ ನೀರು ಕುಡಿಯಲಿ ಅಂತ ಹೆಂಡತಿ ರೋಶನ್ ಬೀಯನ್ನು ಕರೆದರು. ಆಕೆ ಬಂದು ಹುಡುಗಿಯ ಮುಖ ನೋಡಿ ಏನೂ ಕೇಳದೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಸಿ ಹೊತ್ತಾದ ಮೇಲೆ ಬಂದ ರಮ್ಯಾಳ ಮೈಮೇಲೆ ಭುಜದಿಂದ ಮೊಣಕಾಲವರೆಗೆ ಇಳಿದ ದೊಡ್ಡ ಬಿಳಿ ವೇಲು ಇತ್ತು. ಬಿಸಿಲಿಗೆ ಅಂತ ಕೊಟ್ಟಿದ್ದಾರೆ ಅಂದುಕೊಂಡು ಮನೋಹರ ಸ್ಕೂಟರ್ ಹತ್ತಿದ. ಮರ ಕೊಳ್ಳಲಿಲ್ಲ. ದಾರಿಯಲ್ಲಿ, ನಿನ್ನಿಂದ ಒಂದು ಕೆಲಸ ಆಗಲಿಲ್ಲ ಅಂತ ಗೊಣಗಿದ.

ಮರ ಸಿಗಲಿಲ್ಲವಲ್ಲ, ಹಾಗಾಗಿ ಭಾಮೈದ ಲೋಕೇಶನ ನೆನಪಾಯಿತು. ಪ್ರತಿಮಾಳ ತಮ್ಮ, ಕೋಡಿಹಳ್ಳಿಯಿಂದ ಆಚೆಗಿನ ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಎರಡು ಸೀಮೆಹಸು. ಅವನ ಹೊಲದ ಬದುವಿನಲ್ಲಿ ಬೇವಿದೆ, ಹಲಸಿದೆ. ಮನೋಹರ ಫೋನ್ ಮಾಡಿದಾಗ ಅವನು ಹುಳಕ್ಕೆ ಸೊಪ್ಪು ಹಾಕುತ್ತಿದ್ದನಂತೆ.

"ಹಿತ್ತಲಲ್ಲಿ ರಮ್ಯಾ ಕೂತ್ಕೊಳೋಕೆ ಒಂದು ನೆರಳು ಮಾಡ್ಬೇಕು ಕಣಯ್ಯ. ಕಂಬಕ್ಕೆ ಮರ ಬೇಕು. ನೀನೇ ನೋಡಿ ಕಡ್ಕೊಂಡು ಬಾ" ಅಂದ ಮನೋಹರ.

ಆ ಕಡೆ ಲೋಕೇಶ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟ. ಇಡದೆ ಏನು ಮಾಡುತ್ತಾನೆ? ನಮ್ಮ ಕಡೆ ಹೆಣ್ಣುಮಗು ದೊಡ್ಡವಳಾದರೆ ಮನೆಯ ಹಿತ್ತಲಿನಲ್ಲಿ ಹಸಿರು ಗುಡ್ಲು ಹಾಕುತ್ತಾರೆ. ಅದನ್ನು ಹಾಕುವ ಹಕ್ಕು ಸೋದರಮಾವನದು. ಅವನೇ ಹೋಗಿ ಹಾಲು ಬರುವ ಅತ್ತಿ ಮರದ ಕಂಬ ಕಡಿಯಬೇಕು, ಅವನೇ ಸೊಪ್ಪು ಹೊದಿಸಬೇಕು. ಹುಡುಗಿ ಅದರಲ್ಲಿ ಕೂರುತ್ತಾಳೆ. ನೀರು ಹಾಕಿ ಒಳಗೆ ಕರೆದುಕೊಂಡ ಮೇಲೆ ಗುಡ್ಲನ್ನು ಸುಡುತ್ತಾರೆ. ಎಂಟನೇ ಕ್ಲಾಸಿನ ಹುಡುಗಿಯ ಅಪ್ಪ ಸೋದರಮಾವನಿಗೆ ಫೋನ್ ಮಾಡಿ, ಅವಳು ಕೂರಲು ಹಿತ್ತಲಿನಲ್ಲಿ ನೆರಳು ಬೇಕು, ನೀನೇ ಮರ ಕಡಿದು ತಾ ಅಂದರೆ ಇನ್ನೇನು ಅರ್ಥವಾದೀತು? ಇಂಥ ವಿಷಯವನ್ನು ಗಂಡಸರು ಬಿಡಿಸಿ ಹೇಳುವುದೂ ಇಲ್ಲ, ಬಿಡಿಸಿ ಕೇಳುವುದೂ ಇಲ್ಲ. ಇದೆಲ್ಲ ಮನೋಹರನಿಗೆ ಗೊತ್ತಿಲ್ಲದ್ದಲ್ಲ. ಅವನ ಅಕ್ಕತಂಗಿಯರೂ ಗುಡ್ಲಿನಲ್ಲಿ ಕೂತವರೇ. ಆದರೆ ರಮ್ಯಾ ಅಂದರೆ ಅವನ ಕಣ್ಣಿಗೆ ಗೇಟಿನಲ್ಲಿ ಚಿತ್ರಾನ್ನ ತಿನ್ನುವ ಕೂಸು. ಅವಳಿಗೂ ಆ ಕಾಲ ಬರುತ್ತದೆ ಅನ್ನುವುದು ತಲೆಗೆ ಹೊಳೆದಿರಲೇ ಇಲ್ಲ.

"ಆಯ್ತು ಬಾವ. ಭಾನುವಾರ ಬತ್ತೀನಿ. ನೀವೇನೂ ಯೋಚ್ನೆ ಮಾಡ್ಬ್ಯಾಡಿ" ಅಂದ ಲೋಕೇಶ. ಅದನ್ನೇ ಇನ್ನೊಂದು ಸಲವೂ ಅಂದ. ಹಳ್ಳಿಯಲ್ಲಿ ಸಿಗ್ನಲ್ ಸರಿಯಿಲ್ಲ ಅಂದುಕೊಂಡು ಮನೋಹರ ಫೋನ್ ಇಟ್ಟ. ಲೋಕೇಶ ಮರ ತರುತ್ತಾನೆ ಅಂತ ಹೇಳಿದಾಗ ಪ್ರತಿಮಾಳೂ ಒಳ್ಳೆಯದಾಯಿತು ಅಂದಳು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಗೂಡ್ಸ್ ಟೆಂಪೋ ಬಂದು ನಿಂತಿತು. ಹಿಂದುಗಡೆ ಹಾಲು ಸೋರುತ್ತಿದ್ದ ಹಸಿ ಕಂಬಗಳು, ಎಲೆ ತುಂಬಿದ ಕೊಂಬೆಗಳು, ತೆಂಗಿನ ಗರಿಯ ಹೊರೆ. ಮುಂದೆ ಡ್ರೈವರ್ ಪಕ್ಕದಿಂದ ಪ್ರತಿಮಾಳ ದೊಡ್ಡಮ್ಮ ಚಿಕ್ಕಲಕ್ಷ್ಮಮ್ಮ ರೇಷ್ಮೆ ಸೀರೆಯಲ್ಲಿ ಇಳಿದರು. ಕೈಯಲ್ಲಿ ತಂಬಿಟ್ಟಿನ ತಟ್ಟೆ, ಬಗಲಲ್ಲಿ ಹೂವಿನ ಪೊಟ್ಟಣ. ಲೋಕೇಶ ಬಿಳಿ ಅಂಗಿ ಹಾಕಿಕೊಂಡಿದ್ದ. ಹುಡುಗಿಗೆ ತಂದ ಹೊಸ ಸೀರೆಯ ಕವರನ್ನು ಎದೆಗೆ ಹಿಡಿದಿದ್ದ. ಹೊಸ ಬಡಾವಣೆಯಾದರೇನು, ಜನ ಹಳಬರೇ. ಟೆಂಪೋದಲ್ಲಿ ಅತ್ತಿ ಸೊಪ್ಪು, ಅದರ ಪಕ್ಕ ಸೋದರಮಾವ. ಬೀದಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಎದುರುಮನೆಯ ಹನುಮಂತಮ್ಮ ಆಗಲೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ದಾಟಿ ಬಂದರು. ಅವರ ಹಿಂದೆ ಸೊಸೆ, ಪಕ್ಕದ ಮನೆಯವರು, ಆ ಪಕ್ಕದವರು.

ಮನೋಹರನ ಕಣ್ಣು ಮಾತ್ರ ಕಂಬದ ಮೇಲೆ. ಇದೇನಯ್ಯ, ಬೇವು ತರ್ತೀಯಾ ಅಂದ್ಕೊಂಡಿದ್ರೆ ಅತ್ತಿ ತಂದಿದ್ದೀಯಲ್ಲ, ಇದಕ್ಕೆ ಚೇಗು, ಒಳಗಿನ ಗಟ್ಟಿ ತಿರುಳು, ಎಲ್ಲಿದೆ, ಮಳೆಗಾಲದೊಳಗೆ ಹುಳ ಬೀಳುತ್ತೆ ಅಂತ ಶುರು ಮಾಡಿದ. ಗೆಣ್ಣಿನಿಂದ ತಟ್ಟಿಯೂ ತೋರಿಸಿದ.

ಲೋಕೇಶ ಪಿಳಿಪಿಳಿ ನೋಡಿದ. "ಇದು ವರ್ಸಾನುಗಟ್ಲೆ ಇರ್ಬೇಕಾ ಬಾವ? ಮಗೀಗೆ ನೀರಾಕಿ ಒಳಕ್ಕೆ ಕರ್ಕಂಡ ಮ್ಯಾಕೆ ಸುಟ್ಟಾಕದೇ ತಾನೆ?"

ಮನೋಹರನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಗಿಲಲ್ಲಿ ಪ್ರತಿಮಾ ಬಂದು ನಿಂತದ್ದನ್ನು, ಅವಳ ಮುಖ ಬಿಳಿಚಿಕೊಂಡದ್ದನ್ನು ಅವನು ನೋಡಲಿಲ್ಲ. ಸೋಮವಾರ ಬಸ್ಸಿನಲ್ಲಿ ಇದನ್ನು ಹೇಗೆ ಹೇಳಬೇಕು ಅನ್ನುವುದೂ ಆಗಲೇ ಮನಸ್ಸಿನಲ್ಲಿ ಓಡಿತ್ತು.

"ಅಯ್ಯೋ ನಿನ್ನ, ಗುಡ್ಲು ಹಾಕಕ್ಕೆ ಬಂದ್ಯೇನಯ್ಯ? ನಮ್ ರಮ್ಯಾ ಇನ್ನೂ ಮಗು ಕಣೋ. ಅದೆಲ್ಲ ಎಲ್ಲಾಯ್ತು? ಮನೇಲಿರೋ ಅಪ್ಪ ನಾನು, ನಂಗೆ ಗೊತ್ತಾಗ್ದಂಗೆ ಆಗ್ಬುಡ್ತದಾ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಒಂದಿಷ್ಟು ಉಳಿಯುತ್ತಿತ್ತು. ಅವನ ಬಾಯಿ ನಿಲ್ಲುವ ಬಾಯಲ್ಲ. ಒಳಗೆ ತಿರುಗಿ, "ರಮ್ಯಾ, ಬಾರೆ ಇಲ್ಲಿ. ನಿಮ್ಮ ಮಾವ ಏನು ಮಾಡಿದ್ದಾನೆ ನೋಡು. ನೀನೇ ಹೇಳು ಇವ್ರಿಗೆ" ಅಂತ ಕರೆದ.

ಅಪ್ಪ ಕರೆದ ಅಂತ ಹುಡುಗಿ ಬಂದಳು. ಅಮ್ಮನ ಪಕ್ಕದಲ್ಲಿ, ಹೊಸಿಲಿನ ಒಳಗೆ ನಿಂತಳು. ಟೆಂಪೋದ ಸೊಪ್ಪು ನೋಡಿದಳು, ತಟ್ಟೆ ಹಿಡಿದ ಹೆಂಗಸರನ್ನು ನೋಡಿದಳು, ಕೊನೆಗೆ ಅಪ್ಪನನ್ನು ನೋಡಿದಳು. ಹೆಂಗಸರೆಲ್ಲ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದರು. ಯಾರೂ ನಗಲಿಲ್ಲ. ಚಿಕ್ಕಲಕ್ಷ್ಮಮ್ಮ ಹುಡುಗಿಯ ಮುಖ ನೋಡಿದವರು ಆಮೇಲೆ ಪ್ರತಿಮಾಳ ಮುಖ ನೋಡಿ, ತಂಬಿಟ್ಟಿನ ತಟ್ಟೆಯ ಮೇಲೆ ಮೆಲ್ಲಗೆ ಸೆರಗು ಮುಚ್ಚಿದರು.

"ರೀ, ಸಾಕು. ಒಳಗೆ ಬನ್ನಿ" ಅಂದಳು ಪ್ರತಿಮಾ.

ರಮ್ಯಾ ಆಗಲೇ ಓಡಿದ್ದಳು. ಒಳಗೆ ರೂಮಿನ ಚಿಲಕ ಬಿದ್ದ ಸದ್ದು ಹೊರಗಿನವರಿಗೂ ಕೇಳಿಸಿತು. ಆ ಸದ್ದಿಗೆ ಮನೋಹರನಿಗೆ ಎಲ್ಲ ಒಟ್ಟಿಗೆ ತಿಳಿಯಿತು. ದೊಡ್ಡವಳಾದ ಹುಡುಗಿಗೆ ತಿನ್ನಿಸುವ ಚಿಗಳಿ, ಕೊಬ್ಬರಿ. ಬೇರೆ ಕುರ್ಚಿ, ಸ್ಕೂಟರಿನ ಕಂಬಿ. ಡಿಪೋದಲ್ಲಿ ದಿಮ್ಮಿಯ ಮೇಲೆ ಕೂರದೆ ಹಲಗೆಗೆ ಬೆನ್ನು ಕೊಟ್ಟು ನಿಂತದ್ದು. ಆ ಬಿಳಿ ವೇಲು. ಗುರುತು ಪರಿಚಯವಿಲ್ಲದ ರೋಶನ್ ಬೀಗೆ ಒಂದೇ ನೋಟಕ್ಕೆ ತಿಳಿದದ್ದು ಹೆತ್ತ ಅಪ್ಪನಿಗೆ ತಿಳಿಯಲಿಲ್ಲ. ತಿಳಿಯದಿದ್ದರೆ ಹೋಗಲಿ, ಹಮಾಲಿಗಳ ಮುಂದೆ ಕೂಗಿದ್ದ. ಈಗ ಬೀದಿಯ ಮುಂದೆ ಕರೆದು ನಿಲ್ಲಿಸಿದ್ದ. ಮುಖ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗದೆ ಅವನು ಕಂಬದ ಹಾಲು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಿಂತ.

ಹನುಮಂತಮ್ಮ ದೊಡ್ಡ ಮನಸ್ಸಿನವರು. ಹಾಲಿಟ್ಟು ಬಂದಿದ್ದೀನಿ ಅಂತ ಯಾರೂ ಕೇಳದೆಯೇ ಹೇಳಿ, ಉಳಿದವರನ್ನೂ ಕರೆದುಕೊಂಡು ಹೋದರು.

ಅಡಿಗೆಮನೆಯಲ್ಲಿ ಪ್ರತಿಮಾ ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು. ಶಿವರಾತ್ರಿಯ ಮಾರನೇ ದಿನ ಆದದ್ದು. ರಮ್ಯಾಳ ಕ್ಲಾಸಿನ ಹುಡುಗಿಯೊಬ್ಬಳಿಗೆ ಆದಾಗ ಅವಳ ಅಪ್ಪ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಿದ್ದನಂತೆ, ಹೂವಿನ ಜಡೆ ಹಾಕಿದ ಮಗಳ ಫೋಟೋ, ಸುತ್ತ ಹಿತೈಷಿಗಳ ಫೋಟೋ. ಹುಡುಗರು ಆಡಿಕೊಂಡದ್ದಕ್ಕೆ ಆ ಮಗು ಸ್ಕೂಲನ್ನೇ ಬದಲಾಯಿಸಿತು. ಅದನ್ನು ಕಂಡಿದ್ದ ರಮ್ಯಾ ಅಮ್ಮನ ಕಾಲು ಹಿಡಿದುಕೊಂಡಿದ್ದಳು. ಯಾರಿಗೂ ಹೇಳುವುದು ಬೇಡ, ಗುಡ್ಲು ಬೇಡ, ಆರತಿ ಬೇಡ ಅಂದಿದ್ದಳು.

"ನಂಗಾದ್ರೂ ಹೇಳ್ಬಹುದಿತ್ತಲ್ಲ" ಅಂದ ಮನೋಹರ.

"ನಿಮಗೆ ಹೇಳ್ಬೇಡ ಅಂತಾನೇ ಆಣೆ ಹಾಕಿಸ್ಕೊಂಡಿದ್ಳು. ಅಪ್ಪಂಗೆ ಹೇಳಿದ್ರೆ ಬಸ್ಸಿಗೆಲ್ಲ ಗೊತ್ತಾಗುತ್ತೆ ಅಂದ್ಳು."

ಸುಳ್ಳೇನಲ್ಲ. ಆ ಚಿಗಳಿಯನ್ನೇ ಬಸ್ಸಿನ ತುಂಬ ಹಂಚಿದವನು. ಹೋಗಿ ಮಗಳ ರೂಮಿನ ಬಾಗಿಲ ಮುಂದೆ ನಿಂತ. ತಟ್ಟಲು ಕೈ ಎತ್ತಿ ಇಳಿಸಿದ. ಅವನ ಹೆಜ್ಜೆ ಸದ್ದು ಅವಳಿಗೆ ಗೊತ್ತು.

"ಎಲ್ಲಾ ಹೋದ್ರಾ?" ಅಂತ ಒಳಗಿಂದ ಕೇಳಿದಳು.

ಹೋದರು ಅಂದ.

"ನೀನೂ ಹೋಗಪ್ಪ."

ಮನೋಹರ ಹೋದ. ಅಳು ಬರುತ್ತಿತ್ತು, ಅಳಲೂ ಅವನಿಗೆ ನಾಚಿಕೆಯಾಯಿತು.

ಹೊರಗೆ ಲೋಕೇಶ ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದ, ಸೀರೆಯ ಕವರು ಇನ್ನೂ ತೊಡೆಯ ಮೇಲಿತ್ತು. ಪ್ರತಿಮಾ ಅವನಿಗೆ ಕಾಫಿ ತಂದುಕೊಟ್ಟಳು. ಅವನು ಲೋಟ ಮುಟ್ಟಲಿಲ್ಲ. ಅವನ ಸಂಕಟವೇ ಬೇರೆ. ಊರಿನಲ್ಲಿ ಎಲ್ಲರಿಗೂ ಹೇಳಿ, ಹುಳದ ಕೆಲಸವನ್ನು ಬೇರೆಯವರಿಗೆ ವಹಿಸಿ, ನಸುಕಿಗೆ ಎದ್ದು ಅತ್ತಿ ಮರಕ್ಕೆ ಕೈಮುಗಿದು ಕಡಿದುಕೊಂಡು ಬಂದಿದ್ದ. ಒಬ್ಬಳೇ ಅಕ್ಕ, ಆ ಅಕ್ಕನಿಗೆ ಒಬ್ಬಳೇ ಮಗಳು. ಜನ್ಮದಲ್ಲಿ ಒಂದೇ ಸಲ ಸಿಗುವ ಕೆಲಸ.

"ಊರಿಗೆ ಹೇಳ್ಬ್ಯಾಡ, ಬುಡಕ್ಕ. ನಂಗೆ ಒಂದ್ ಮಾತು ಹೇಳ್ಬೇಕು ಅನ್ನುಸ್ನಿಲ್ವಾ? ನಾನೇನ್ ಹೊರಗ್ನವ್ನಾ?" ಅಂದ. ಪ್ರತಿಮಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಇನ್ನು ಮರದ ಗತಿ ಏನು ಅನ್ನುವ ಪ್ರಶ್ನೆ. ಗುಡ್ಲಿಗೆ ಅಂತ ಕಡಿದ ಕಂಬವನ್ನು ವಾಪಸ್ ಒಯ್ಯಬಾರದು ಅಂತ ಚಿಕ್ಕಲಕ್ಷ್ಮಮ್ಮ ಹೇಳಿದರು. ಬೀದಿಯಲ್ಲಿ ಬಿಸಾಡುವ ಹಾಗೂ ಇಲ್ಲ. ಗುಡ್ಲು ಹಾಕಿದರೆ ಆ ಮಗು ಇನ್ನು ಈ ಜನ್ಮದಲ್ಲಿ ಬಾಗಿಲು ತೆಗೆಯುವುದಿಲ್ಲ. ಮರದ ವಿಷಯದಲ್ಲಿ ಮನೋಹರ ಮಾತಿಲ್ಲದೆ ನಿಂತದ್ದು ಅದೇ ಮೊದಲು.

ಕೊನೆಗೆ ಲೋಕೇಶನೇ ಎದ್ದ. ಸೀರೆಯ ಕವರನ್ನು ದೊಡ್ಡಮ್ಮನ ಕೈಗೆ ಕೊಟ್ಟು, ನೀವು ಕಟ್ಬೇಕು ಅಂತಿದ್ರಂತಲ್ಲ ಬಾವ, ಅದ್ಯಾವ್ದೋ ಬರೀ ಪಟ್ಟಿದು, ಅದು ಹೆಂಗಿರ್ತದೆ ಅಂತ ಕೇಳಿದ. ಮನೋಹರ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದ. ಲೋಕೇಶ ಹಿತ್ತಲಿಗೆ ಹೋಗಿ ಗುಂಡಿ ತೋಡಿ ಅತ್ತಿ ಕಂಬಗಳನ್ನು ನೆಟ್ಟ. ಎಲೆ ಸವರಿದ ಕೊಂಬೆಗಳನ್ನು ಮೇಲೆ ಪಟ್ಟಿಗಳ ಹಾಗೆ ಅಡ್ಡ ಹಾಕಿ ಹಗ್ಗದಲ್ಲಿ ಬಿಗಿದ. ಸೊಪ್ಪು ಹೊದಿಸಲಿಲ್ಲ. ಇದಕ್ಕೆಂದೇ ಹೊಸದಾಗಿ ಕೊಂಡ ಡ್ರಿಲ್ ಮೆಷಿನ್ ಪೆಟ್ಟಿಗೆಯಲ್ಲೇ ಉಳಿಯಿತು; ಮನೋಹರ ಹಗ್ಗ ಕೊಡುವ, ಕಂಬ ಹಿಡಿಯುವ ಕೆಲಸ ಮಾಡಿದ. ಇಬ್ಬರೂ ಆಡಿದ ಮಾತು ಹಿಡಿ, ಬಿಡು ಅನ್ನುವುದಷ್ಟೇ. ಮುಗಿದ ಮೇಲೆ ಲೋಕೇಶ ಒಂದು ಕಂಬಕ್ಕೆ ಯಾರೂ ನೋಡದ ಹಾಗೆ ಅರಿಶಿನ ಹಚ್ಚಿ ಕೈ ಮುಗಿದ. ರೂಮಿನ ಕಿಟಕಿಯ ಪರದೆ ಅಲುಗಿತೋ, ಗಾಳಿಯೋ, ಹೇಳಲಾಗದು. ಹೋಗುವಾಗ ಚಿಕ್ಕಲಕ್ಷ್ಮಮ್ಮ ಸೀರೆಯನ್ನು, ತಂಬಿಟ್ಟನ್ನು ಅಡಿಗೆಮನೆಯಲ್ಲಿ ಇಟ್ಟು, ಮಗು ತಾನಾಗಿ ಕೇಳಿದಾಗ ಕೊಡು ಅಂತ ಪ್ರತಿಮಾಳಿಗೆ ಹೇಳಿದರು.

ಸೋಮವಾರ ಮನೋಹರ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಿಡದಿ ಬರುವವರೆಗೂ ಹೊರಗೆ ನೋಡಿದ. ಜ್ವರವಾ ಅಂತ ಡ್ರೈವರ್ ಕೇಳಿದ. ಬೀದಿಯಲ್ಲಿ ಹನುಮಂತಮ್ಮನ ಸೊಸೆ ಕಂಡರೆ ಇವನೇ ತಲೆ ತಗ್ಗಿಸುತ್ತಿದ್ದ. ಚನ್ನಪಟ್ಟಣಕ್ಕೆ ಹೋಗಿ, ಪ್ರತಿಮಾ ಒಗೆದು ಮಡಚಿಕೊಟ್ಟ ಬಿಳಿ ವೇಲನ್ನು ರಸೂಲ್ ಸಾಹೇಬರ ಕೈಗಿಟ್ಟಾಗ ಅವರು, ಪಾಪು ಹುಷಾರಾಗಿದ್ದಾಳಾ ಅಂದರು. ಹೂಂ ಅಂದವನೇ ಅವನು ಸ್ಕೂಟರಿನ ಕಡೆ ತಿರುಗಿದ. ಪ್ಯಾಕಿಂಗ್ ಮರದಲ್ಲಿ ಒಂದು ಬೆಂಚು ಮಾಡಿ ಹಿತ್ತಲಿನ ಕಂಬಗಳ ಕೆಳಗಿಟ್ಟ. ರಮ್ಯಾ ಅತ್ತ ಹೋಗಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಪ್ಪು ಕೊಡು ಅಂದರೆ ಕೊಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ.

ಮಳೆಗಾಲ ಬಂತು. ಅತ್ತಿ ಕಂಬಗಳಿಗೆ ಹುಳ ಬೀಳಲಿಲ್ಲ, ಚಿಗುರಿದವು. ಹಸಿ ಕಂಬ, ಹಸಿ ಮಣ್ಣು, ಬೇರು ಬಿಟ್ಟುಕೊಂಡು ಒಂದೊಂದು ಕಂಬದ ತಲೆಯಲ್ಲೂ ಎಲೆ.

ಅಂಥದೊಂದು ಭಾನುವಾರ ಮಾಗಡಿಯ ಅಶೋಕ ಹೇಳದೆ ಕೇಳದೆ ಬಂದ. ಈ ಕಡೆ ಮದುವೆಗೆ ಬಂದಿದ್ದನಂತೆ, ಪರ್ಗೋಲಾ ನೋಡದೆ ಹೋಗಲ್ಲ ಅಂತ ನೇರ ಹಿತ್ತಲಿಗೆ ನುಗ್ಗಿದ. ಬೆಂಚಿನ ಮೇಲೆ ಕೂತು ಮೇಲೆ ಕೆಳಗೆ ನೋಡಿದ. ಚಿಗುರಿದ ಕಂಬದಿಂದ ಎಲೆ ಕಿತ್ತು ಬೆರಳಲ್ಲಿ ಹಾಲು ಮುಟ್ಟಿ ನೋಡಿದ. ಅಷ್ಟರಲ್ಲಿ ರಮ್ಯಾ ಕಾಫಿ ತಂದಳು. ಮನೆಯಲ್ಲಿ ಪ್ರತಿಮಾ ಇರಲಿಲ್ಲ, ಅವಳೇ ಮಾಡಿದ್ದಳು.

"ಲೇ, ಇದು ಅತ್ತಿ ಅಲ್ವೇನ್ಲಾ?" ಅಂದ ಅಶೋಕ. "ಹಿತ್ತಲಲ್ಲಿ ಹಸಿ ಅತ್ತಿ ಕಂಬ. ಅವತ್ತು ಬಸ್ಸಲ್ಲಿ ಚಿಗಳಿ ಬೇರೆ ಹಂಚ್ದೆ. ಏನೋ ಐತೆ ಕಣ್ಲಾ ವಿಷ್ಯ." ಅನ್ನುತ್ತ ನಗುಮುಖದಲ್ಲಿ ರಮ್ಯಾಳ ಕಡೆ ತಿರುಗಿದ. ಅವಳು ತಟ್ಟೆಯನ್ನು ಬೆಂಚಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

"ವಿಷ್ಯ ಏನೂ ಇಲ್ಲ ಕಣ್ಲಾ" ಅಂದ ಮನೋಹರ. "ಮರ ಆರಿಸೋದ್ರಲ್ಲಿ ಸೋತೆ. ಅತ್ತಿ ಗಟ್ಟಿ ಇರುತ್ತೆ ಅಂದ್ಕೊಂಡು ನಾನೇ ಹೇಳಿ ತರಿಸ್ದೆ. ಚಿಗಳಿ ನಂಗಿಷ್ಟ ಅಂತ ಮಾಡ್ಸಿದ್ದೆ."

ಅಶೋಕನಿಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. ಬಾಕಿ ಎಲ್ಲ ಮರೆತ. ತೇಗ ಬಿಟ್ಟು, ಹೊನ್ನೆ ಬಿಟ್ಟು, ಡಿಪೋ ಎಲ್ಲ ತಟ್ಟಿ ತಟ್ಟಿ ನೋಡಿ ಅತ್ತಿ ಆರಿಸಿದನಂತೆ ಅಂತ ಬೆಂಚು ಬಡಿದುಕೊಂಡು ನಕ್ಕ. ದನ ಕಾಯುವ ಹುಡುಗನಿಗೂ ಗೊತ್ತಿರುತ್ತೆ, ನಿಂಗೆ ಟೂಲ್ ರೂಮ್ ಕೊಟ್ಟೋರು ಯಾರು ಅಂದ. ಮನೋಹರ ಹೌದು ಅಂದ, ಬುದ್ಧಿ ಇರಲಿಲ್ಲ ಅಂದ. ನಾಳೆ ಬಸ್ಸಿಗೆಲ್ಲ ಹೇಳ್ತೀನಿ ನೋಡು ಅಂದಾಗ, ಹೇಳು ಅಂದ. ಅಶೋಕ ಹೇಳಿದ ಕೂಡ. ಆ ವರ್ಷವೆಲ್ಲ ಕಂಪನಿಯಲ್ಲಿ ಅವನ ಹೆಸರು ಅತ್ತಿ ಮನೋಹರ ಅಂತಲೇ ಆಯಿತು.

ಅಶೋಕ ಹೋದ ಮೇಲೆ ಮನೋಹರ ಬೆಂಚಿನ ಮೇಲೆ ಕೂತೇ ಇದ್ದ. ರಮ್ಯಾ ಖಾಲಿ ಲೋಟ ಎತ್ತಿಕೊಳ್ಳಲು ಬಂದವಳು ತಟ್ಟೆ ಹಿಡಿದು ನಿಂತಳು.

"ಅತ್ತಿ ಗಟ್ಟಿ ಇರಲ್ಲ ಅಂತ ನಿಂಗೊತ್ತಿತ್ತಲ್ವಾ ಅಪ್ಪ?" ಅಂದಳು.

ಗೊತ್ತಿತ್ತು ಅಂದ. ಇನ್ನೂ ಏನೇನೋ ಹೇಳುವುದಿತ್ತು. ಡಿಪೋದಲ್ಲಿ ಕೂಗಿದ್ದು, ಬೀದಿಯಲ್ಲಿ ಕರೆದದ್ದು, ಅವಳ ರೂಮಿನ ಬಾಗಿಲಲ್ಲಿ ನಿಂತದ್ದು. ಬಾಯಿ ತೆರೆದವನು ಮುಚ್ಚಿಕೊಂಡ.

ರಮ್ಯಾ ತಟ್ಟೆಯನ್ನು ಕೆಳಗಿಟ್ಟು ಬೆಂಚಿನ ಆ ತುದಿಯಲ್ಲಿ ಕೂತಳು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಮನೋಹರ ಅತ್ತ ಸರಿಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಪಟ್ಟಿಗಳ ಸಂದಿಯಿಂದ ಮಳೆ ಹನಿಯತೊಡಗಿದರೂ ಇಬ್ಬರೂ ಏಳಲಿಲ್ಲ.